ಚಕ್ರಪಾಣಿಯವರು ಕೊಂಡ ಐದು ವಿಶೇಷಾಂಕ

ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಚಕ್ರಪಾಣಿಯವರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಮಂಡಿನೋವೂ ಇಲ್ಲ. ಐವತ್ತಾರನೇ ವಯಸ್ಸಿನಲ್ಲಿ ಇಷ್ಟು ಗಟ್ಟಿಮುಟ್ಟಾಗಿರುವ ಮನುಷ್ಯನಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಕಂಡಕಂಡವರ ಮೇಲಲ್ಲ. ಪಕ್ಕದ ಮನೆಯ ಪ್ರತಾಪ್ ಮೂರನೇ ಮನೆ ಕೊಂಡಾಗ ಮನಸಾರೆ ಹಾರೈಸಿ, ಗೃಹಪ್ರವೇಶದಲ್ಲಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡು ಬಂದವರು ಇವರು. ಆಫೀಸಿನಲ್ಲಿ ತಮಗಿಂತ ಹದಿನೈದು ವರ್ಷ ಚಿಕ್ಕವಳು ಮ್ಯಾನೇಜರ್ ಆದಾಗ ಕೇಕ್ ತಂದವರೂ ಇವರೇ. ಆದರೆ ಪರಿಚಯದವರು ಯಾರಾದರೂ ಒಂದು ಸಣ್ಣಕತೆ ಬರೆದು, ಅದು ಎಲ್ಲಾದರೂ ಅಚ್ಚಾಯಿತು ಅಂದರೆ ಮುಗಿಯಿತು. ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವರು ಮೈಸೂರಿನ ಸರಸ್ವತಿಪುರಂ ಕಡೆಯವರು. ಹತ್ತೊಂಬತ್ತು ವರ್ಷದ ಹಿಂದೆ ಹೆಂಡತಿ ಭಾಗೀರಥಿ ಮತ್ತು ಕೈಗೂಸು ನಿಖಿತಾಳನ್ನು ಕರೆದುಕೊಂಡು ಸ್ಕಿಲ್ಡ್ ವೀಸಾದ ಮೇಲೆ ಮೆಲ್ಬರ್ನ್‌ಗೆ ಬಂದಿಳಿದರು. ಮೊದಲ ನಾಲ್ಕು ತಿಂಗಳು ಕೆಲಸ ಸಿಗಲಿಲ್ಲ. ಮನೆಯಲ್ಲೇ ಕೂತರೆ ಹೆಂಡತಿಯ ಮುಖ ನೋಡಬೇಕಲ್ಲ ಎಂದು ದಿನಾ ಬೆಳಿಗ್ಗೆ ಮೊಸರನ್ನದ ಡಬ್ಬಿ ಹಿಡಿದುಕೊಂಡು ಲೈಬ್ರರಿಗೆ ಹೋಗಿಬಿಡುತ್ತಿದ್ದರು. ಅಲ್ಲಿಯವರು ಇನ್ನು ಬೇಡವೆಂದು ಬಾಗಿಲ ಪಕ್ಕದಲ್ಲಿ ಪೇರಿಸಿಟ್ಟಿದ್ದ ಹಳೇ ಪುಸ್ತಕಗಳ ರಾಶಿಯಲ್ಲಿ ಒಂದು ದಿನ ಆಲ್ಮಾ ಡ್ರಿಸ್ಕಲ್ ಎಂಬ ಅಮೆರಿಕದ ಕತೆಗಾರ್ತಿಯ ಪುಸ್ತಕ ಕೈಗೆ ಸಿಕ್ಕಿತು. ಸಂಜೆಯ ಹೊತ್ತಿಗೆ ಮುಗಿಸಿದರು. ಮರುದಿನ ಮತ್ತೆ ಮೊದಲಿಂದ ಓದಿದರು. ಕೆಲಸ ಸಿಗದೆ ಹೋದದ್ದೇ ಒಳ್ಳೆಯದಾಯಿತು ಎಂದು ಆವತ್ತು ಅನ್ನಿಸಿತಂತೆ. ಭಾಗೀರಥಿಯ ಎದುರು ಹಾಗೆ ಅನ್ನಲಿಲ್ಲ, ಅಷ್ಟು ಬುದ್ಧಿ ಇತ್ತು.

ಈ ಆಲ್ಮಾ ಕಾನ್ಸಸ್ ಸೀಮೆಯ ಒಂದು ಪುಟ್ಟ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟವಳು. ಮದುವೆಯಾಗಲಿಲ್ಲ, ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕಿಟಕಿಯಾಚೆ ನಿಂತು ಟಿಕೆಟ್ ಕೇಳುವವರ ಮುಖ ನೋಡಿಕೊಂಡೇ ನಲವತ್ತೊಂದು ಕತೆ ಬರೆದಳು. ಆಮೇಲೆ ಬಂದ ಎರಡು ತಲೆಮಾರಿನ ಕತೆಗಾರರು ಅವಳಿಂದ ಕಲಿತರು. ಅವಳದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಯಾರ ಬದುಕಿನಿಂದ ಕತೆ ಎತ್ತಿಕೊಂಡಳೋ ಅವರ ಮನೆಗೇ ಹೋಗಿ, ಜಗಲಿಯ ಮೇಲೆ ಕೂತು, ಅದನ್ನು ಪೂರ್ತಿ ಓದಿ ಹೇಳುತ್ತಿದ್ದಳು. ಅವರು ಆಗಲಿ ಅಂದರೆ ಪತ್ರಿಕೆಗೆ ಹೋಗುತ್ತಿತ್ತು. ಬೇಡ ಅಂದರೆ ಆ ಹಾಳೆಗಳನ್ನು ಅವರ ಕೈಗೇ ಕೊಟ್ಟು ಎದ್ದು ಬರುತ್ತಿದ್ದಳು. ತನಗಾಗಿ ಒಂದು ನಕಲನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಹೀಗೆ ಒಂಬತ್ತು ಕತೆ ಕಳೆದುಹೋದವು.

ಚಕ್ರಪಾಣಿಯವರಿಗೆ ಆಮೇಲೆ ಡಾಕ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಖಾಲಿ ಮೀಟಿಂಗ್ ರೂಮು ಹುಡುಕಿ, ಡಬ್ಬಿ ಬಿಚ್ಚಿಟ್ಟು, ಆಲ್ಮಾಳ ಬದುಕು-ಬರಹದ ಮೇಲೆ ಕನ್ನಡದಲ್ಲಿ ಪುಸ್ತಕ ಬರೆಯತೊಡಗಿದರು. ಹದಿನೆಂಟು ವರ್ಷದಲ್ಲಿ ಅದು ಆರುನೂರ ಹನ್ನೆರಡು ಪುಟ ಮುಟ್ಟಿತು, ಮುಗಿಯಲಿಲ್ಲ. ಆ ಒಂಬತ್ತು ಕತೆಗಳ ಅಧ್ಯಾಯವಂತೂ ಅವರಿಗೆ ಪ್ರಾಣ. ಬೇಡ ಅಂದ ಒಂಬತ್ತು ಜನರನ್ನು ಅದರಲ್ಲಿ ಹಿಗ್ಗಾಮುಗ್ಗಾ ಬೈದಿದ್ದರು. ಅಲ್ಪರು, ಕಲೆಯ ಕತ್ತು ಹಿಸುಕಿದವರು ಎಂದೆಲ್ಲ ಬರೆದಿದ್ದರು. ನಡುನಡುವೆ ಸ್ವಂತ ಕತೆಗಳನ್ನೂ ಬರೆದು ಬೆಂಗಳೂರಿನ ಒಂದು ಪತ್ರಿಕೆಗೆ ಕಳಿಸುತ್ತಿದ್ದರು. ಹದಿನೇಳು ಕಳಿಸಿದ್ದರು. ಆರಕ್ಕೆ ವಿಷಾದದ ಉತ್ತರ ಬಂತು, ಹನ್ನೊಂದಕ್ಕೆ ಅದೂ ಇಲ್ಲ.

ಅವರ ಕತೆ ಅಚ್ಚಾಗದಿದ್ದರೂ ಮೆಲ್ಬರ್ನಿನಲ್ಲಿ ಕತೆ ಅಂದರೆ ಚಕ್ರಪಾಣಿ ಎಂಬ ಮಾತು ಇತ್ತು. ತಿಂಗಳ ಎರಡನೇ ಭಾನುವಾರ ಲೈಬ್ರರಿಯ ಕೋಣೆಯಲ್ಲಿ ಅವರು ನಡೆಸುವ ಸಾಹಿತ್ಯ ಕೂಟಕ್ಕೆ ಹತ್ತು ಹದಿನೈದು ಜನ ಬರುತ್ತಿದ್ದರು. ಮೂರು ವರ್ಷದ ಹಿಂದೆ ಆ ಕೂಟಕ್ಕೆ ಬಂದವಳು ನೀಲಾಂಬಿಕಾ.

ಗದಗಿನ ಕಡೆಯ ಹುಡುಗಿ. ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಪಡೆದು, ವಿಂಡಮ್ ವೇಲಿನ ಒಂದು ಚೈಲ್ಡ್‌ಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ರೈಲು ಹಿಡಿದು ಬಂದು, ಕೊನೇ ಕುರ್ಚಿಯಲ್ಲಿ ಕೂತು, ಬಾಯಿ ಬಿಡದೆ ಕೇಳಿಕೊಂಡು ಹೋಗುತ್ತಿದ್ದಳು. ಚಕ್ರಪಾಣಿಯವರಿಗೆ ಇಂಥ ಕೇಳುಗರೆಂದರೆ ಬಹಳ ಪ್ರೀತಿ. ತಮ್ಮ ಬಳಿ ಇದ್ದ ಆಲ್ಮಾಳ ಹಳೇ ಪುಸ್ತಕವನ್ನೇ ಅವಳಿಗೆ ಓದಲು ಕೊಟ್ಟರು. ಒಂದು ವರ್ಷ ಕಳೆದ ಮೇಲೆ ಅವಳು ತಾನೇ ಬರೆದ ಕತೆಯ ಜೆರಾಕ್ಸ್ ತಂದು, ನೋಡಿ ಹೇಳ್ರಿ ಸರ್ ಎಂದು ಅವರ ಮುಂದಿಟ್ಟಳು.

ಚಕ್ರಪಾಣಿ ಆ ಕತೆಯ ಅರ್ಧ ಪುಟ ಓದಿದರು. ಮಗುವಿಗೆ ಶೂ ಹಾಕುತ್ತಿರುವ ಹೆಂಗಸೊಬ್ಬಳ ಚಿತ್ರ ಅದರಲ್ಲಿತ್ತು, ಬೇರೇನೂ ಇರಲಿಲ್ಲ. ಆದರೆ ಆ ಅರ್ಧ ಪುಟದಲ್ಲಿ ತಾವು ಹದಿನೇಳು ಕತೆಗಳಲ್ಲಿ ತಡಕಾಡಿ ಸಿಗದೇ ಹೋದದ್ದು ಆರಾಮವಾಗಿ ಕೂತಿತ್ತು. ಹಾಳೆ ಮಡಿಸಿ ಡ್ರಾಯರಿನಲ್ಲಿಟ್ಟರು. ಅವಳು ಕೇಳಿದಾಗಲೆಲ್ಲ, "ನೋಡ್ತಾ ಇದೀನಮ್ಮ, ಇನ್ನೂ ಸ್ವಲ್ಪ ತಿದ್ದಬೇಕು" ಅನ್ನುತ್ತಾ ಮೂರು ತಿಂಗಳು ತಳ್ಳಿದರು. ಅವಳು ಕಾದಳು, ಸಾಕಾಯಿತು, ಹಾಗೇ ಪತ್ರಿಕೆಗೆ ಕಳಿಸಿಬಿಟ್ಟಳು. ಅದೇ ಪತ್ರಿಕೆಗೆ. ಹೋದ ವರ್ಷದ ದೀಪಾವಳಿ ವಿಶೇಷಾಂಕದಲ್ಲಿ ಬಂತು.

ಮೆಲ್ಬರ್ನಿಗೆ ಆ ವಿಶೇಷಾಂಕ ಬರುವುದು ಒಂದೇ ಕಡೆಗೆ, ದಾವಣಗೆರೆಯ ಕಿರಣಕುಮಾರ ಕ್ಲೇಟನ್ನಿನಲ್ಲಿ ಇಟ್ಟಿರುವ ದಿನಸಿ ಅಂಗಡಿಗೆ. ಅವನು ತರಿಸುತ್ತಿದ್ದದ್ದು ಐದೇ ಪ್ರತಿ. ಬಂದಿದೆ ಎಂದು ತಿಳಿದ ಸಂಜೆ ಚಕ್ರಪಾಣಿ ಆಫೀಸಿನಿಂದ ನೇರ ಅಲ್ಲಿಗೆ ಹೋದರು. ಹುಣಸೆಹಣ್ಣಿನ ಪೊಟ್ಟಣಗಳ ಪಕ್ಕದಲ್ಲಿ ಐದೂ ಪ್ರತಿ ಸಾಲಾಗಿ ನಿಂತಿದ್ದವು. ಮುಖಪುಟದಲ್ಲೇ ಅವಳ ಹೆಸರು. ಯಾರ್ಯಾರು ಕೊಂಡು ಓದುತ್ತಾರೆ, ಕೂಟದಲ್ಲಿ ಯಾರ್ಯಾರು ಏನೇನು ಹೇಳುತ್ತಾರೆ ಎಂಬುದೆಲ್ಲ ಅವರಿಗೆ ಒಂದೇ ಕ್ಷಣದಲ್ಲಿ ಕಾಣಿಸಿತು. ಐದನ್ನೂ ಎತ್ತಿಕೊಂಡರು.

"ಐದೂನಾ ಸರ್?" ಎಂದ ಕಿರಣಕುಮಾರ.

"ಹ್ಞೂಂ, ಐದೂ. ಬೇಕಾಗಿದೆ" ಎಂದರು ಚಕ್ರಪಾಣಿ, ಅವನ ಮುಖ ನೋಡದೆ.

ಮನೆಗೆ ಬಂದು ಗ್ಯಾರೇಜಿನಲ್ಲಿ ದೀಪಾವಳಿಯ ಸೀರಿಯಲ್ ಸೆಟ್ ಇಡುವ ಡಬ್ಬದ ತಳಕ್ಕೆ ಅವನ್ನು ತುರುಕಿದರು. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಲಿಲ್ಲ. ಯಾರೂ ಓದಬಾರದು ಅಂದಮೇಲೆ ತಾವೂ ಓದಬಾರದು, ಅಷ್ಟರ ಮಟ್ಟಿಗೆ ಅವರದು ನ್ಯಾಯವಂತ ಹೊಟ್ಟೆಕಿಚ್ಚು.

ಈ ವರ್ಷ ಸಿಡ್ನಿಯಿಂದ ಲಕ್ಷ್ಮೀಶನ ಫೋನ್ ಬಂತು. ಅಲ್ಲಿಯ ಕನ್ನಡ ಬಳಗದ ಕಾರ್ಯದರ್ಶಿ ಅವನು. ರಾಜ್ಯೋತ್ಸವದಲ್ಲಿ ಆಲ್ಮಾ ಡ್ರಿಸ್ಕಲ್ ಬದುಕು-ಬರಹದ ಮೇಲೆ ಒಂದು ಉಪನ್ಯಾಸ ಇಟ್ಟುಕೊಂಡಿದ್ದೇವೆ ಎಂದ. ಚಕ್ರಪಾಣಿಯವರ ಎದೆ ಅರಳಿತು. ಆರುನೂರು ಪುಟದಲ್ಲಿ ಯಾವುದನ್ನು ಬಿಡುವುದು, ಯಾವುದನ್ನು ಹೇಳುವುದು ಎಂದು ಆಗಲೇ ಲೆಕ್ಕ ಹಾಕತೊಡಗಿದ್ದರು.

"ನೀಲಾಂಬಿಕಾ ಅವ್ರು ಮಾತಾಡ್ತಾರೆ ಸರ್. ಅವ್ರ ಕತೆ ಓದಿ ನಮ್ಮೋರೆಲ್ಲ ಫ್ಯಾನ್ ಆಗ್ಬಿಟ್ಟಿದಾರೆ. ನೀವು ಅವ್ರ ಗುರುಗಳಲ್ವಾ, ಬಂದು ಒಂದೈದು ನಿಮಿಷ ಅವ್ರನ್ನ ಪರಿಚಯ ಮಾಡ್ಕೊಡ್ಬೇಕು. ಅವ್ರೇ ಹೇಳಿದ್ದು, ಸರ್ ಬರ್ಲೇಬೇಕು ಅಂತ."

ಸಿಡ್ನಿಯ ಅಂಗಡಿಗಳಿಗೂ ವಿಶೇಷಾಂಕ ಬರುತ್ತದೆಂಬುದು ಅವರ ಯೋಜನೆಯಲ್ಲಿ ಇರಲೇ ಇಲ್ಲ.

"ಅಪ್ಪಾ, ಯು ಶುಡ್ ಬಿ ಪ್ರೌಡ್" ಅಂದಳು ಮಗಳು, ರಾತ್ರಿ ಊಟಕ್ಕೆ ಕೂತಾಗ. ಭಾಗೀರಥಿ ಗಂಡನ ಮುಖವನ್ನೊಮ್ಮೆ ನೋಡಿ, ಅವರ ತಟ್ಟೆಗೆ ಇನ್ನೊಂದು ಸೌಟು ಮಜ್ಜಿಗೆಹುಳಿ ಬಡಿಸಿದಳು. ಅವರು ಮುಟ್ಟಲಿಲ್ಲ.

ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂದು ಹೋದರು. ಐದು ನಿಮಿಷದ ಪರಿಚಯವನ್ನು ಹದಿನಾಲ್ಕು ನಿಮಿಷ ಮಾಡಿದರು. ಅದರಲ್ಲಿ ಹನ್ನೊಂದು ನಿಮಿಷ ತಮ್ಮ ಪುಸ್ತಕದ ಬಗ್ಗೆಯೇ ಇತ್ತು. ಲಕ್ಷ್ಮೀಶ ಎರಡು ಸಲ ವೇದಿಕೆಯ ಪಕ್ಕಕ್ಕೆ ಬಂದು ಕೆಮ್ಮಿದ. ಆಮೇಲೆ ನೀಲಾಂಬಿಕಾ ಎದ್ದು ನಿಂತಳು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಟಿಕೆಟ್ ಕಿಟಕಿಯ ಒಳಗೆ ಕೂತ ಆಲ್ಮಾಗೆ ಹೊರಗಿನವರ ಮುಖ ಮಾತ್ರ ಕಾಣುತ್ತಿತ್ತು, ಹಾಗಾಗಿ ಅವಳ ಕತೆಗಳಲ್ಲಿ ಯಾರೂ ನಡೆಯುವುದಿಲ್ಲ, ಬರೀ ನಿಂತಿರುತ್ತಾರೆ ಎಂದಳು. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಹದಿನೆಂಟು ವರ್ಷ ಆ ಕತೆಗಳನ್ನು ಓದಿಯೂ ಇದು ತಮಗೆ ಹೊಳೆಯಲಿಲ್ಲವಲ್ಲ ಎಂದು ಚಕ್ರಪಾಣಿಯವರಿಗೆ ಅಲ್ಲೇ ಕುರ್ಚಿಯಿಂದ ಎದ್ದು ಹೋಗುವಷ್ಟು ಸಂಕಟವಾಯಿತು. ಚಪ್ಪಾಳೆ ಹೊಡೆದರು. ಹೊಡೆಯದಿದ್ದರೆ ಎದ್ದು ಕಾಣುತ್ತಿತ್ತು.

ಇಬ್ಬರೂ ಉಳಿದುಕೊಂಡದ್ದು ಪ್ಯಾರಮಾಟಾ ಹತ್ತಿರ ಲಕ್ಷ್ಮೀಶನ ಮನೆಯಲ್ಲಿ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದಾದ ಮೇಲೆ ನೀಲಾಂಬಿಕಾ ಹತ್ತಿರ ಬಂದು, "ಸರ್, ನಂಗ ಒಂದ್ ತಾಸು ಟೈಮ್ ಕೊಡ್ತೀರೇನ್ರಿ? ಹೊಳಿ ಕಡೆ ಹೋಗೂಣು" ಎಂದಳು. ಇಬ್ಬರೂ ನದಿಯ ದಂಡೆಗೆ ನಡೆದರು. ಫೆರಿ ನಿಲ್ಲುವ ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಒಂದು ಬೆಂಚು ನೋಡಿ ಕೂತರು. ಅವಳು ಚೀಲದಿಂದ ಉದ್ದನೆಯ ಹಾಳೆಗಳ ಕಟ್ಟು ತೆಗೆದಳು.

"ನಿಮ್ಮ ಬಗ್ಗೆ ಒಂದ್ ಕತಿ ಬರದೀನ್ರಿ. ಎಂಟ್ ತಿಂಗಳಾತು, ಟ್ರೇನಿನ್ಯಾಗ ಕುಂತು ಬರದದ್ದು. ಬೆಂಗಳೂರಾಗ ನನ್ನ ಪುಸ್ತಕ ತರ್ತಾರಂತ, ಅದಕ್ಕ ಇದೊಂದ ಕತಿ ಉಳದಿತ್ರಿ. ಪುಸ್ತಕಕ್ಕೂ ಇದರದ ಹೆಸರು. ಆದ್ರ ಮೊದಲ ನಿಮಗ ಓದಿ ಹೇಳಬೇಕಲ್ರಿ? ನೀವ ಕಲಿಸಿದ ಪದ್ಧತಿ. ಬ್ಯಾಡ ಅಂದ್ರ ಇದು ನಿಮ್ದು. ನನ್ನ ಹತ್ರ ಇನ್ನೊಂದ್ ಕಾಪಿ ಇಲ್ರಿ."

ಓದತೊಡಗಿದಳು. ಖಾಲಿ ಮೀಟಿಂಗ್ ರೂಮಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಮೊಸರನ್ನದ ಡಬ್ಬಿಯನ್ನು ಅಡ್ಡ ಇಡುವ ಒಬ್ಬ ಮುದುಕನಿಂದ ಕತೆ ಶುರುವಾಯಿತು. ತನಗೆ ಬಂದ ವಿಷಾದದ ಪತ್ರಗಳನ್ನು ಕೂಟದಲ್ಲಿ ನಗುತ್ತಾ ಓದಿ ಹೇಳಿ, ಆಮೇಲೆ ಅವನ್ನು ನಾಲ್ಕಾಗಿ ಮಡಿಸಿ ಶರ್ಟಿನ ಜೇಬಿನಲ್ಲಿಟ್ಟುಕೊಳ್ಳುವ ಮನುಷ್ಯ. ತಮ್ಮ ಜೇಬಿನ ಮೇಲೆ ತಮಗರಿವಿಲ್ಲದೆಯೇ ಚಕ್ರಪಾಣಿಯವರ ಕೈ ಹೋಯಿತು. ಕತೆ ಅದ್ಭುತವಾಗಿತ್ತು. ಅಷ್ಟು ಚೆನ್ನಾಗಿ ತಮ್ಮನ್ನು ಯಾರೂ ನೋಡಿರಲಿಲ್ಲ, ಹೆಂಡತಿಯೂ ನೋಡಿರಲಿಲ್ಲ. ಸಂತೋಷಪಡಬೇಕಿತ್ತು. ಬದಲಿಗೆ ಒಂದೊಂದು ವಾಕ್ಯಕ್ಕೂ ಕರುಳಿಗೆ ಬೆಂಕಿ ಬಿದ್ದಂತಾಗುತ್ತಿತ್ತು. ನನ್ನ ಬದುಕನ್ನು ನಾನೇ ಬರೆಯಲಾಗಲಿಲ್ಲ, ಇವಳು ರೈಲಿನಲ್ಲಿ ಕೂತು ಬರೆದಳಲ್ಲ ಎಂದು.

"ಆ ಸಂಜೆ ಅವರು ಅಂಗಡಿಗೆ ಹೋಗಿ ಅವಳ ಕತೆ ಬಂದಿದ್ದ ಐದೂ ಪ್ರತಿಗಳನ್ನು ಎತ್ತಿಕೊಂಡರು" ಎಂದು ಓದಿದಳು ನೀಲಾಂಬಿಕಾ.

ಚಕ್ರಪಾಣಿ ಬೆಂಚಿನಿಂದ ಅರ್ಧ ಎದ್ದರು. ಕಿರಣಕುಮಾರ ಹೇಳಿಬಿಟ್ಟಿದ್ದಾನೆ. ಇವಳಿಗೆ ಎಲ್ಲ ಗೊತ್ತಾಗಿದೆ. ನಾಳೆ ಇದು ಪುಸ್ತಕವಾಗಿ ಇಡೀ ಕರ್ನಾಟಕ ಓದುತ್ತದೆ.

"ಸಾಕು" ಎಂದರು.

"ಇನ್ನೊಂದ ಪುಟ ಐತ್ರಿ ಸರ್."

"ಬೇಡ ಅಂದ್ನಲ್ಲ. ಇದು ಬೇಡ. ಅಚ್ಚಾಗಕೂಡ್ದು."

ಪೂರ್ತಿ ಕೇಳದೆ ಬೇಡ ಅನ್ನುವ ಹಕ್ಕು ಆಲ್ಮಾಳ ಪದ್ಧತಿಯಲ್ಲಿ ಯಾರಿಗೂ ಇರಲಿಲ್ಲ. ಅದು ಈ ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಚಕ್ರಪಾಣಿಯವರಿಗೇ. ನೀಲಾಂಬಿಕಾ ವಾದ ಮಾಡಲಿಲ್ಲ. ಹಾಳೆಗಳನ್ನು ಮೊಣಕಾಲ ಮೇಲೆ ತಟ್ಟಿ ಸರಿಮಾಡಿ ಅವರ ಕೈಗಿಟ್ಟಳು. ಅವಳ ಕಣ್ಣು ತುಂಬಿತ್ತು. "ಆತ್ರಿ ಸರ್. ನಿಮಗ ಬ್ಯಾಸರಾಗಿದ್ರ ತಪ್ಪಾತ್ರಿ" ಎಂದು ಎದ್ದು ನಿಂತಳು. ಮೆಲ್ಬರ್ನಿನ ಎರಡು ವಿಮಾನ ನಿಲ್ದಾಣಗಳಲ್ಲಿ ಅವಳ ವಿಮಾನ ಅವಲಾನ್‌ಗೆ, ಅವರದು ಟುಲಮರೀನ್‌ಗೆ. ಒಟ್ಟಿಗೆ ಕೂರುವ ಪ್ರಮೇಯ ಬರಲಿಲ್ಲವೆಂಬುದೊಂದೇ ಅವರಿಗೆ ಸಮಾಧಾನ.

ವಿಮಾನ ಮೇಲೇರಿದ ಮೇಲೆ ಚಕ್ರಪಾಣಿ ಕೊನೇ ಪುಟ ತೆಗೆದರು. ತಮ್ಮನ್ನು ಎಷ್ಟು ಹೊಲಸಾಗಿ ಚಿತ್ರಿಸಿದ್ದಾಳೆಂದು ನೋಡಿಬಿಡೋಣ ಎಂಬ ಹಟ.

ಆ ಪುಟದಲ್ಲಿ ಮುದುಕ ಐದು ಪ್ರತಿಗಳನ್ನು ಎದೆಗವಚಿಕೊಂಡು ರೈಲು ಹತ್ತುತ್ತಾನೆ. ನಾಲ್ಕು ಮನೆಗಳ ಬಾಗಿಲು ತಟ್ಟಿ, ಪ್ರತಿ ಬಾಗಿಲಲ್ಲೂ "ನಮ್ಮ ಹುಡುಗಿ ಬರೆದದ್ದು, ಓದಿ" ಎಂದು ಒಂದೊಂದು ಕೊಡುತ್ತಾನೆ. ಐದನೆಯದನ್ನು ತನ್ನ ದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ತನಗೆ ಸಿಗದೇ ಹೋದದ್ದು ಮನೆಯ ಮಗುವಿಗೆ ಸಿಕ್ಕಿತೆಂದು ಅವನಿಗೆ ನಿದ್ದೆ ಬರುವುದಿಲ್ಲ. ಅಲ್ಲಿಗೆ ಕತೆ ಮುಗಿದಿತ್ತು.

ಅವಳು ಅದನ್ನು ಪ್ರೀತಿ ಅಂದುಕೊಂಡಿದ್ದಳು.

ಚಕ್ರಪಾಣಿಯವರಿಗೆ ಮೊದಲು ಆದದ್ದು ನಾಚಿಕೆ. ಎರಡನೆಯದಾಗಿ ಆದದ್ದನ್ನು ಹೇಳಬಾರದು, ಆದರೂ ಹೇಳಬೇಕು. ಅವರಿಗೆ ಖುಷಿಯಾಯಿತು. ಯಾಕೆಂದರೆ ಕೊನೇ ಪುಟ ಕೆಟ್ಟಿತ್ತು. ಇಡೀ ಕತೆ ನೆಟ್ಟಗೆ ಬಂದು ಅಲ್ಲಿ ಮುಗ್ಗರಿಸಿತ್ತು. ಸಿಹಿ ಜಾಸ್ತಿ, ನಂಬುವ ಹಾಗಿಲ್ಲ. ಅಬ್ಬ, ಇವಳಿಗೂ ಬರುವುದಿಲ್ಲ ಎಂದು ಸೀಟಿಗೆ ಒರಗಿ ಕಾಫಿ ತರಿಸಿಕೊಂಡು ಕುಡಿದರು. ಕಾಫಿ ಅರ್ಧ ಆಗುವಷ್ಟರಲ್ಲಿ ಯಾಕೆ ಕೆಟ್ಟಿದೆ ಎಂಬುದೂ ಹೊಳೆಯಿತು. ಅದು ಸುಳ್ಳು, ಅದಕ್ಕೇ ಕೆಟ್ಟಿದೆ. ನಿಜ ಹಾಕಿದರೆ ಆ ಕತೆಗೆ ಸಾಟಿಯೇ ಇರುವುದಿಲ್ಲ. ಆ ನಿಜ ಗೊತ್ತಿರುವುದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ. ಉಳಿದ ಕಾಫಿ ಆರಿಹೋಯಿತು.

ಎರಡು ದಿನ ಆಫೀಸಿಗೆ ಹೋದರು, ಬಂದರು. ಮಧ್ಯಾಹ್ನ ಮೀಟಿಂಗ್ ರೂಮಿನಲ್ಲಿ ತಮ್ಮ ಪುಸ್ತಕದ ಆ ಒಂಬತ್ತು ಜನರ ಅಧ್ಯಾಯ ತೆರೆದರೆ, ಅಲ್ಪರು ಎಂದು ತಾವೇ ಬರೆದದ್ದು ಕಣ್ಣಿಗೆ ಬೀಳುತ್ತಿತ್ತು. ಅವರು ಒಂಬತ್ತು ಜನರೂ ಪೂರ್ತಿ ಕೇಳಿದ ಮೇಲಾದರೂ ಬೇಡ ಅಂದಿದ್ದರು. ತಾವು ಹತ್ತನೆಯವರು, ಅದೂ ಅವರೆಲ್ಲರಿಗಿಂತ ಕಡೆ. ನೀಲಾಂಬಿಕಾಳ ಹಾಳೆಗಳನ್ನು ಹರಿದು ಹಾಕೋಣ ಎಂದು ಒಮ್ಮೆ ಎತ್ತಿಕೊಂಡದ್ದೂ ಉಂಟು. ಮೊಸರನ್ನದ ಡಬ್ಬಿಯ ಸಾಲು ಕಣ್ಣಿಗೆ ಬಿದ್ದು ಕೈ ನಿಂತಿತು.

ಮೂರನೇ ದಿನ ಸಂಜೆ ಭಾಗೀರಥಿ ಟೀ ಇಟ್ಟು ಎದುರು ಕೂತಳು.

"ಏನಾಯ್ತು ಸಿಡ್ನೀಲಿ? ಬಂದಾಗಿಂದ ಮುಖ ಊದಿಸ್ಕೊಂಡಿದೀರ."

ಅವರು ಬೆಂಚಿನ ವಿಷಯ, ಹಾಳೆಯ ವಿಷಯ, ಕೊನೇ ಪುಟದ ವಿಷಯ ಎಲ್ಲ ಹೇಳಿದರು. ಐದು ಪ್ರತಿಯ ವಿಷಯ ಬಂದಾಗ ತೊದಲಿದರು.

"ಗೊತ್ತು ಬಿಡಿ" ಎಂದಳು ಭಾಗೀರಥಿ. "ಹೋದ ವರ್ಷ ಸೀರಿಯಲ್ ಸೆಟ್ ತೆಗೆಯೋಕೆ ಹೋದಾಗ್ಲೇ ನೋಡಿದೆ. ಒಂದೇ ಪುಸ್ತಕ ಐದೈದು ತಂದಿದೀರ, ಒಂದ್ ಸಲಾನೂ ಓದಿಲ್ಲ. ಕವರ್ ಕೂಡ ಬಿಚ್ಚಿಲ್ಲ. ಇನ್ನೂ ಎಷ್ಟ್ ದಿನ ಅಂತ ಹೊಟ್ಟೇಲಿ ಇಟ್ಕೋತೀರ್ರೀ?"

"ಹೇಳಿದ್ರೆ ಅವ್ಳು ಅದನ್ನೇ ಬರೀತಾಳೆ ಕಣೇ. ನನ್ನ ಮಾನ ಹೋಗತ್ತೆ. ಅದು ಹಾಳಾಗ್ಲಿ, ಕತೆ ಇನ್ನೂ ಚೆನ್ನಾಗ್ ಆಗತ್ತೆ. ಅದೇ ತಡ್ಕೊಳಕ್ಕಾಗ್ತಿಲ್ಲ."

ಭಾಗೀರಥಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಗಂಡನ ಫೋನನ್ನು ಅವರ ಕಡೆಗೆ ಸರಿಸಿ, ಬಟ್ಟೆ ಮಡಿಸಲು ಒಳಗೆ ಹೋದಳು.

ಚಕ್ರಪಾಣಿ ಫೋನ್ ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ನೀಲಾಂಬಿಕಾ ಆಗಷ್ಟೇ ಕೆಲಸ ಮುಗಿಸಿ ಹೊರಟಿದ್ದಳು. ಹಿಂದೆ ಯಾರದೋ ಮಗು ಬಾಯ್ ಬಾಯ್ ಎಂದು ಕೂಗುತ್ತಿತ್ತು.

"ನೀಲಾಂಬಿಕಾ, ನಾನು ಆ ಐದು ಕಾಪೀನ ಯಾರಿಗೂ ಕೊಡ್ಲಿಲ್ಲ" ಎಂದರು, ಪೀಠಿಕೆ ಇಲ್ಲದೆ. "ಯಾರೂ ನಿನ್ನ ಕತೆ ಓದಬಾರ್ದು ಅಂತ್ಲೇ ಕೊಂಡ್ಕೊಂಡಿದ್ದು. ಗ್ಯಾರೇಜಲ್ಲಿ ಬಿದ್ದಿವೆ. ನಿನ್ನ ಜೆರಾಕ್ಸೂ ಅಷ್ಟೆ, ಅರ್ಧ ಪುಟ ಓದಿ ಮೂರು ತಿಂಗಳು ಡ್ರಾಯರಲ್ಲಿ ಇಟ್ಟಿದ್ದೆ. ಚೆನ್ನಾಗಿತ್ತು, ಅದಕ್ಕೆ. ನಂಗೆ ಹೊಟ್ಟೆಕಿಚ್ಚು. ಅವತ್ತಿಂದಾನೇ."

ಆ ಕಡೆ ಮಗುವಿನ ದನಿ ನಿಂತಿತ್ತು. ಫೋನ್ ಕಟ್ ಆಯಿತೇನೋ ಎಂದು ಚಕ್ರಪಾಣಿ ಪರದೆ ನೋಡಿಕೊಂಡರು.

"ಕಿರಣಣ್ಣ ಹೇಳ್ದಾಗ ನಾ ಅಂಗಡ್ಯಾಗ ನಿಂತು ಅತ್ತಿದ್ನ್ರಿ ಸರ್" ಎಂದಳು ಕೊನೆಗೆ. "ನನ್ನ ಸಲುವಾಗಿ ಯಾರೂ ಹಂಗ ಮಾಡಿದ್ದಿಲ್ಲ ಅಂತ."

"ಗೊತ್ತು. ಕೊನೇ ಪುಟ ಓದಿದೆ." ಚಕ್ರಪಾಣಿಯವರಿಗೆ ಮೇಷ್ಟರ ದನಿ ತಾನಾಗಿ ಬಂತು. "ಆ ಪುಟ ಸರಿ ಬಂದಿಲ್ಲ. ಸುಳ್ಳು ಅದಕ್ಕೆ ಒಗ್ತಿಲ್ಲ."

ಆ ಕಡೆ ಅವಳ ಹೆಜ್ಜೆಯ ಸದ್ದು ನಿಂತಿತು. ಅವಳು ಯೋಚಿಸುತ್ತಿದ್ದಾಳೆ, ಮುದುಕನನ್ನು ರೈಲಿನಿಂದ ಇಳಿಸಿ ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ಅವರಿಗೆ ತಿಳಿಯಿತು. ತಾವೂ ಬರೆಯುವವರೇ, ತಿಳಿಯದೆ ಇರುತ್ತದೆಯೇ.

"ಸರ್, ಹಂಗಾದ್ರ ಇದನ್ನ ಬರೀಲೇನ್ರಿ?" ಎಂದಳು ಮೆಲ್ಲಗೆ.

ಚಕ್ರಪಾಣಿಯವರ ಹೊಟ್ಟೆ ಧಗಧಗ ಉರಿಯಿತು. ಮೂರು ವರ್ಷದಲ್ಲಿ ಅಷ್ಟು ಉರಿದದ್ದಿಲ್ಲ.

"ಬರಿ. ಹಾಳೆಗಳನ್ನ ನಾಳೇನೇ ತಂದ್ಕೊಡ್ತೀನಿ. ಬರೆದು ನಂಗೆ ಓದಿ ಹೇಳು. ಈ ಸಲ ಕೊನೇ ಪುಟದ ತನಕ ಕೇಳ್ತೀನಿ."

ಫೋನ್ ಇಟ್ಟು ಗ್ಯಾರೇಜಿಗೆ ಹೋದರು. ಸೀರಿಯಲ್ ಸೆಟ್ಟಿನ ತಂತಿಗಳ ಅಡಿಯಿಂದ ಒಂದು ವಿಶೇಷಾಂಕ ಎಳೆದು, ಪ್ಲಾಸ್ಟಿಕ್ ಹರಿದು, ಮಗುವಿಗೆ ಶೂ ಹಾಕುವ ಹೆಂಗಸಿನ ಪುಟ ತೆರೆದು, ಕಾರಿಗೆ ಒರಗಿ ನಿಂತುಕೊಂಡೇ ಓದಿದರು. ಕತೆ ಕೊನೆಯವರೆಗೂ ಚೆನ್ನಾಗಿತ್ತು.